ಮೇಲಿನ ಸಾಲಿಗಾಗಿ ನಾನು ಮಾಡಿದ ಘನಕಾರ್ಯ

ಈ ವಿಷಯ ಹೇಳಬೇಕು ಹೇಳಬೇಕು ಅಂದುಕೊಂಡು ಹದಿನೈದು ವರ್ಷದ ಮೇಲಾಯಿತು. ಒಮ್ಮೆ ಮೊಣಕಾಲು ನೋವು, ಇನ್ನೊಮ್ಮೆ ಕನ್ನಡಕ ಸಿಗಲಿಲ್ಲ, ಮತ್ತೊಮ್ಮೆ ಕನ್ನಡಕ ಸಿಕ್ಕಿತು, ಧೈರ್ಯ ಸಿಗಲಿಲ್ಲ. ತಪ್ಪು ಮಾಡಲು ನನಗೆ ಹಿಡಿದದ್ದು ಊಟದ ಬಿಡುವಿನ ಅರ್ಧ ಗಂಟೆ. ಒಪ್ಪಿಕೊಳ್ಳಲು ಮಾತ್ರ ತಲೆ ಪೂರ್ತಿ ನೆರೆಯಬೇಕಾಯಿತು.

ಹೊಸದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಸೀದಾ ಅಚ್ಚುಮೊಳೆ ಜೋಡಿಸಲು ಕೂತವನು ನಾನು. ಲಗ್ನಪತ್ರಿಕೆಯಲ್ಲಿ ಮುಹೂರ್ತವೇ ತಪ್ಪಾದರೂ ನಮ್ಮ ಜನ ಹೇಗೋ ಕ್ಷಮಿಸುತ್ತಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಹೋಯಿತೋ, ಎರಡು ತಲೆಮಾರು ಮಾತು ಬಿಡುತ್ತಾರೆ. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ವಿದ್ಯೆಯಲ್ಲಿ ಮುಳುಗಿ ಎದ್ದವನಾದ್ದರಿಂದಲೇ ನಾನು ಹಾಳಾದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ತಂದೆ. ಅದರಲ್ಲಿ ಟೈಪ್ ಮಾಡಲು ಮಾಡದಕೆರೆಯಿಂದ ಒಬ್ಬ ಹೆಣ್ಣುಮಗಳು ದಿನಾ ಬಸ್ಸಿಗೆ ಬರುತ್ತಿದ್ದರು. ಗಿರಾಕಿಗಳು ತರುವ ಫ್ಲಾಪಿಯಿಂದ ನಮ್ಮ ವಿಂಡೋಸ್‌ಗೆ ವಾರಕ್ಕೊಮ್ಮೆ ವೈರಸ್ ಬಡಿಯುತ್ತಿತ್ತು. ರೋಸಿಹೋದ ಆಕೆ, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಹಾಕಿ, ಅದೇ ಡಿಸ್ಕಿನ ಅರ್ಧ ಜಾಗದಲ್ಲಿ, ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವ, ವೈರಸ್ ಅಷ್ಟಾಗಿ ತಾಗದ ಲಿನಕ್ಸ್ ಕೂರಿಸಿದರು.

“ಒಂದೇ ಮನೇಲಿ ಎರಡು ಒಲೆ ಇದ್ದಂಗೆ ಸಾರ್. ನಿಮ್ಮ ಕಡೆ ಲಗ್ನಪತ್ರಿಕೆ, ನನ್ನ ಕಡೆ ಅರ್ಜಿ ಗಿರ್ಜಿ. ಒಂದು ಪೈಸೆ ಕೊಡಂಗಿಲ್ಲ” ಅಂದರು.

ಬಿಡುವಾದಾಗ ತಮ್ಮ ಅವ್ವ ಹೇಳುತ್ತಿದ್ದ ಸೋಬಾನೆ ಪದಗಳನ್ನೂ ಆ ಕಡೆಯಲ್ಲೇ ಟೈಪ್ ಮಾಡಿಡುತ್ತಿದ್ದರು. ಅವ್ವ ತೀರಿಕೊಂಡಿದ್ದರು. ಆ ಪದಗಳಿಗೆ ಬೇರೆ ಪ್ರತಿ ಇರಲಿಲ್ಲ. ಇದು ನನಗೆ ಗೊತ್ತಿತ್ತು.

ಕಂಪ್ಯೂಟರ್ ಹಾಕಿದ ಕೂಡಲೇ ಗ್ರಬ್ ಎಂಬ, ಅದೂ ಪುಕ್ಕಟೆಯ, ದ್ವಾರಪಾಲಕ ಒಂದು ಪಟ್ಟಿ ಹಿಡಿಯುತ್ತಿದ್ದ. ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. ಹತ್ತು ಸೆಕೆಂಡಿನಲ್ಲಿ ಯಾರೂ ಗುಂಡಿ ಒತ್ತದಿದ್ದರೆ ಮೇಲಿನವರ ಬಾಗಿಲು ತೆಗೆಯುತ್ತಿದ್ದ.

“ಏನಮ್ಮಾ, ನನ್ನ ಹೆಸ್ರು ಯಾಕೆ ಕೆಳಗೈತೆ?”

“ಅದು ನಿಮ್ಮ ಹೆಸ್ರಲ್ಲ ಸಾರ್, ವಿಂಡೋಸು.”

“ವಿಂಡೋಸು ಯಾರದು?”

“ನಿಮ್ದೇ.”

“ಮತ್ತೆ?”

ಮಾರನೇ ದಿನ ನೋಡಿದರೆ ಕೆಳಗಿನ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಶ್ರೀ ಯಜಮಾನರು’ ಎಂದಿತ್ತು. ಮರ್ಯಾದೆ ಬಂತು, ಜಾಗ ಬರಲಿಲ್ಲ. “ಕೆಳಗಿನ ಬಾಣದ ಗುಂಡಿ ಒಂದ್ಸಲ ಒತ್ರಿ ಸಾರ್, ಬೆರಳೇನು ಸವೆಯಲ್ಲ” ಅಂದರು. ನಾನು ಒತ್ತಲಿಲ್ಲ. ಕೈಕಟ್ಟಿ ಕೂರುವೆನು, ಲಿನಕ್ಸ್ ತೆರೆಯುವುದು, ಆರಿಸಿ ಮತ್ತೆ ಹಾಕುವೆನು, ಮತ್ತೆ ಲಿನಕ್ಸ್. “ಕೆಟ್ಟೋಗೈತಾ ಸಾರ್?” ಅಂತ ಗಿರಾಕಿಗಳು ಕೇಳಿದರೆ, “ಇಲ್ಲಪ್ಪ, ಮಾನದ ಪ್ರಶ್ನೆ” ಅನ್ನುವೆನು.

ಒಂದು ಮಧ್ಯಾಹ್ನ ಆಕೆ ಬುತ್ತಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಾಗ ನಾನೇ ಕೈ ಹಾಕಿದೆ. ವಿಂಡೋಸ್‌ನೊಳಗೆ ಹುಡುಕುತ್ತಾ ಹೋದರೆ ಡಿಸ್ಕಿನ ನಕ್ಷೆ ಸಿಕ್ಕಿತು, ಹೊಲದ ಪೋಡಿ ನಕ್ಷೆಯ ಹಾಗೆ. ಆಕೆಯ ತುಂಡಿಗೆ ಹೆಸರೇ ಇರಲಿಲ್ಲ. ಮೇಲಿನವರು ಹೋದರೆ ಕೆಳಗಿನವನು ತಾನಾಗಿ ಮೇಲೇರುತ್ತಾನೆ ಎಂದು ಲೆಕ್ಕ ಹಾಕಿದೆ. ಲಗ್ನಪತ್ರಿಕೆಯಲ್ಲಿ ಹಾಗೇ ಆಗುವುದು. ಆಕೆಯ ತುಂಡಿನ ಮೇಲೆ ಅಳಿಸುವ ಗುಂಡಿ ಒತ್ತಿದೆ. “ಅಳಿಸಲೇ?” ಅಂತು ಕಂಪ್ಯೂಟರ್. ಹೂಂ ಅಂದೆ. “ಖಂಡಿತವೇ?” ಅಂತು. ಹೆಂಡತಿ ಕೂಡ ನನ್ನನ್ನು ಎರಡು ಸಲ ಕೇಳುವುದಿಲ್ಲ. ಖುಷಿಯಾಗಿ ಮತ್ತೊಮ್ಮೆ ಹೂಂ ಅಂದೆ. ಪದಗಳ ನೆನಪು ಆಗಲಿಲ್ಲ ಅಂದರೆ ಸುಳ್ಳು. ಎಲ್ಲೋ ಒಂದು ಕಡೆ ಇರುತ್ತವೆ ಬಿಡು ಅಂದುಕೊಂಡೆ.

ಆರಿಸಿ ಹಾಕಿದರೆ ಕಪ್ಪು ಪರದೆ. ಅದರ ಮೇಲೆ ಗ್ರಬ್ ಎಂದು ಒಂದು ಮಾತು, ಪಕ್ಕದಲ್ಲಿ ಏನೋ ಎರರ್. ದ್ವಾರಪಾಲಕನ ಸಂಸಾರ ಇದ್ದದ್ದೇ ಆಕೆಯ ಭಾಗದಲ್ಲಂತೆ. ಅವನ ಮನೆ ಕೆಡವಿ, ನನ್ನ ಬಾಗಿಲು ತೆಗೆ ಅಂದರೆ ಯಾರು ತೆಗೆಯುತ್ತಾರೆ?

ಅಷ್ಟರಲ್ಲಿ ಬಿ.ದುರ್ಗದ ಮದುವೆಯ ಯಜಮಾನರು ಬಂದರು. “ನಮ್ಮ ದೊಡ್ಡಪ್ಪನ ಹೆಸ್ರು ಮ್ಯಾಲಕ್ಕೆ ಹಾಕ್ರಿ ಸಾರ್, ಲಗ್ನಕ್ಕೇ ಬರಲ್ಲ ಅಂತ ಕುಂತವ್ರೆ.” ಆಕೆಯೂ ಕೈ ತೊಳೆದು ಬಂದು ಪರದೆ ನೋಡಿದರು.

“ಯಾರಾದ್ರೂ ಏನಾದ್ರೂ ಮುಟ್ಟಿದ್ರಾ ಸಾರ್?”

“ನಾನ್ಯಾಕೆ ಮುಟ್ಟಲಮ್ಮ? ಪುಕ್ಕಟೆ ಮಾಲು ಅಂದ್ರೆ ಹಿಂಗೇಯ!”

“ಏನವ್ವ, ನಮ್ಮ ಲಗ್ನಕ್ಕೇ ಕಲ್ಲು ಹಾಕಿದ್ಯಲ್ಲ!” ಅಂತ ಬಿ.ದುರ್ಗದವರು ಶುರು ಮಾಡಿದರು. ನಾನು ಕ್ಯಾಲೆಂಡರ್ ನೋಡುತ್ತಾ ನಿಂತೆ. ಆಕೆ ನನ್ನನ್ನು ಒಂದು ಸಲ ನೋಡಿ, ಸಿ.ಡಿ. ತೆಗೆದು ದ್ವಾರಪಾಲಕನಿಗೆ ಮತ್ತೆ ಮನೆ ಕಟ್ಟಲು ಕೂತರು. ಸಂಜೆ ಬಸ್ಸಿನ ಹೊತ್ತಿಗೆ ವಿಂಡೋಸ್ ತೆರೆಯಿತು, ದೊಡ್ಡಪ್ಪ ಮೇಲೇರಿದರು.

“ನಿನ್ನ ಪದಗಳು?” ಅಂದೆ, ಮೆಲ್ಲಗೆ.

“ಹೋದ್ವು ಸಾರ್.” ಬುತ್ತಿ ಚೀಲ ಎತ್ತಿಕೊಂಡರು. ಮಾರನೇ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಆ ಮಾರನೇ ದಿನ ಬೆಳಿಗ್ಗೆ ನಾನೇ ಕಂಪ್ಯೂಟರ್ ಹಾಕಿದಾಗ ದ್ವಾರಪಾಲಕ ಎಂದಿನಂತೆ ಪಟ್ಟಿ ಹಿಡಿದ. ಒಂದೇ ಸಾಲು, ಆಕೆ ಹೋಗುವ ಮುನ್ನ ಬರೆದಿಟ್ಟದ್ದು: ಶ್ರೀ ಯಜಮಾನರು. ಪಟ್ಟಿಯಲ್ಲಿ ನಾನೊಬ್ಬನೇ ಇದ್ದರೂ, ದ್ವಾರಪಾಲಕ ಇನ್ಯಾರಾದರೂ ಬರುತ್ತಾರೇನೋ ಎಂಬಂತೆ ಹತ್ತು ಸೆಕೆಂಡು ಕಾಯುತ್ತಿದ್ದ. ಅಂಗಡಿ ಮುಚ್ಚುವವರೆಗೂ ದಿನಾ ಬೆಳಿಗ್ಗೆ ನಾನೂ ಅವನೂ ಕಾದೆವು. ಮಾಡದಕೆರೆಗೆ ಅರ್ಧ ದಾರಿವರೆಗೆ ಎರಡು ಸಲ ಹೋಗಿ ವಾಪಸ್ ಬಂದಿದ್ದೇನೆ.

ಈಗಲಾದರೂ ಆಕೆಯ ಹೆಸರು ಮೇಲಿನ ಸಾಲಿಗೆ ಹಾಕೋಣ ಎಂದೇ ಬರೆಯಲು ಕೂತದ್ದು. ಓದಿ ನೋಡಿದರೆ ಪುಟದ ತುಂಬಾ ನಾನೇ ಇದ್ದೇನೆ; ಆಕೆಯ ಹೆಸರಿಗೆ ಉಳಿದದ್ದು ಮತ್ತೆ ಕೆಳಗಿನ ಸಾಲೇ. ಸಾವಿತ್ರಮ್ಮ.