ಉಪಗ್ರಹದ ಷರಾ

ಕುಪ್ಪಸ್ವಾಮಿಯ ಸಂಕಟಕ್ಕೆಲ್ಲ ಮೂಲ ಕಚೇರಿಯ ಒಂದು ಪೋಸ್ಟ್ ಕಾರ್ಡು. ಅದು ಊರೆಲ್ಲ ಓದಿಯಾದ ಮೇಲೆ ಅವನ ಕೈ ಸೇರಿತು: 'ಬೆಟ್ಟದ ಕೆರೆಯ ನೀರಿನ ಅಂಚು ನೋಡಿ ಉಪಗ್ರಹವೇ ಮಟ್ಟ ಹೇಳಬಲ್ಲದು. ಅದು ತೆಗೆದ ಚಿತ್ರಗಳನ್ನು ನಿಮ್ಮ ಅಳತೆ ಪುಸ್ತಕದೊಡನೆ ತಾಳೆ ನೋಡಲು ಬುಧವಾರ ಸೇಲಂನಿಂದ ಅಧಿಕಾರಿ ಬರುತ್ತಾರೆ. ಎರಡೂ ಸರಿಹೊಂದಿದರೆ ನಿಮ್ಮ ಹುದ್ದೆ ರದ್ದು.'

ಅದು ಎಪ್ಪತ್ತೆಂಟನೆಯ ಇಸವಿ. ಅವನು ತನ್ನೂರು ನಂಗವಳ್ಳಿ ಬಿಟ್ಟು ಶೇರ್ವರಾಯನ್ ಬೆಟ್ಟ ಹತ್ತಿ ಹನ್ನೊಂದು ವರ್ಷವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ನೀರಿನಲ್ಲಿ ನೆಟ್ಟ ಅಳತೆಗಲ್ಲು, ಮತ್ತು ಆ ಪುಸ್ತಕ. ದಿನವೂ ಬೆಳಿಗ್ಗೆ ಅಡಿ, ಅಂಗುಲ ಬರೆಯುವನು. ಕೊನೆಯ 'ಷರಾ' ಕಲಂನಲ್ಲಿ ಬೇರೇನೂ ತೋಚದೆ, 'ಇಂದು ಯಾರೂ ಬರಲಿಲ್ಲ' ಎಂದು ಸೇರಿಸುವನು. ಕಚೇರಿಯಲ್ಲಿ ಯಾರಾದರೂ ಓದಿ ಒಂದು ಮಾತು ವಿಚಾರಿಸಿಯಾರೆಂಬ ಆಸೆ. ಯಾರೂ ವಿಚಾರಿಸಿರಲಿಲ್ಲ.

ಬುಧವಾರ ಮಾತ್ರ, ಎಂದೂ ಬಾರದವರು ಬಂದರು: ಕೆಳಗಿನ ಟೀ ಅಂಗಡಿಯ ಮುನಿಸ್ವಾಮಿ, ಕುರಿ ಕಾಯುವ ಗುಂಡಮ್ಮ.

"ದಡ್ಡ ಆಗ್ಬ್ಯಾಡ ಲೇ," ಎಂದ ಮುನಿಸ್ವಾಮಿ. "ಎಲ್ಲಾದ್ಕೂ ಎರಡಡಿ ಜಾಸ್ತಿ ತಿದ್ದು. ಸಟ್ಲೈಟು ಸುಳ್ಳಾಗ್ತದೆ, ನಿನ್ನ ನೌಕರಿ ವೇಲೆ ಉಳೀತದೆ."

"ಅಳೆದದ್ದು ಅಳೆದಂಗೇ ಇರ್ಬೇಕು ಮುನಿಸ್ವಾಮಣ್ಣ. ತಿದ್ದಾಕಿಲ್ಲ."

"ನಿನ್ನ ವೇಲೆ ಹೋದ್ರೆ ಹೋಗ್ಲಿ. ಅದು ಮ್ಯಾಗಿಂದ ಕಣ್ಣು ಬಿಟ್ಕಂಡು ಕುಂತ್ರೆ ನಾನು ಕೆರೆಯಾಗೆ ಮೀಯೋದು ಎಂಗೆ?" ಎಂದಳು ಗುಂಡಮ್ಮ. "ಕೊಡಿಲ್ಲಿ, ನಾನೇ ತಿದ್ತೀನಿ!"

"ನಿಂಗೆ ಅಕ್ಷರ ಬರಾಕಿಲ್ವಲ್ಲಕ್ಕಾ?"

"ಅಳ್ಸಕ್ಕೆ ಅಕ್ಷರ ಯಾಕೆ?"

ಅವಳು ಎಳೆದಳು, ಅವನೂ ಎಳೆದ; ಬಿಡಿಸಲು ಬಂದ ಮುನಿಸ್ವಾಮಿ ಇಬ್ಬರನ್ನೂ ಎಳೆದ. ಕುಪ್ಪಸ್ವಾಮಿ ದಂಡೆಯಿಂದ ಜಾರಿ, ಸೆಕೆಗೆ ಸೋತ ಎಮ್ಮೆಯಂತೆ ಕೆರೆಗಿಳಿದ. ಪುಸ್ತಕ ಹಿಡಿದ ಕೈ ಮಾತ್ರ ಇನ್ನೊಂದು ಅಳತೆಗಲ್ಲಿನಂತೆ ನೀರಿನ ಮೇಲೆ ನಿಂತಿತು.

ಅಷ್ಟರಲ್ಲಿ ಜೀಪು ಬಂತು. ಅಧಿಕಾರಿ ಅರುಣಾಚಲಂ ಇಳಿದು ನೋಡಿದರು. "ಎನ್ನಪ್ಪಾ, ದಿನಾ ಹೀಗೇ ಅಳೀತೀಯಾ?"

ನೀರು ತೊಟ್ಟಿಕ್ಕುತ್ತಲೇ ಕುಪ್ಪಸ್ವಾಮಿ ಅವರ ಕೈಯಲ್ಲಿದ್ದ ಚಿತ್ರಗಳನ್ನು ಇಣುಕಿ ನೋಡಿದ. ಆರು ದಿನದ ಆರು ಚಿತ್ರ. ಆರೂ ಬರೀ ಬಿಳುಪು.

"ಕೆರೆ ಎಲ್ಲೈತೆ ಸಾರ್?"

"ಮೋಡದ ಕೆಳಗೆ."

"ಮೋಡ ನನ್ನ ಮಾನ ಕಾಯ್ತು ಕಣ್ಲಾ!" ಎಂದು ಗುಂಡಮ್ಮ ಕುಣಿದಳು. ಹುದ್ದೆ ಉಳಿಯಿತೆಂದು ಕುಪ್ಪಸ್ವಾಮಿಯ ಎದೆ ಹಗುರವಾಯಿತು.

ಅರುಣಾಚಲಂ ವರದಿಯ ಹಾಳೆ ಬಿಚ್ಚಿದರು. ಎಡಕ್ಕೆ 'ಅಳತೆಗಲ್ಲು', ಬಲಕ್ಕೆ 'ಉಪಗ್ರಹ'. "ಕಾಣಲಿಲ್ಲ ಅಂತ ಬರೆದ್ರೆ ಮೇಲಿನವರು ನನ್ನನ್ನೇ ಬೈತಾರೆ," ಎಂದು ಗೊಣಗಿ, ಪುಸ್ತಕದಲ್ಲಿದ್ದ ಆರು ಸಾಲುಗಳನ್ನು ಎಡಕ್ಕೆ ಬರೆದರು. ಆಮೇಲೆ ಅವನ್ನೇ ಬಲಕ್ಕೂ ಇಳಿಸಿದರು. ಕಾಣದ್ದನ್ನು ಕಂಡೆನೆಂದು ಬರೆಯುವುದು ಕಳ್ಳತನ. ಸರಕಾರದ ಶಾಯಿಯಲ್ಲಿ ಬರೆದ ಮಾತ್ರಕ್ಕೆ ಅದರ ಹೆಸರು ಬದಲಾಗದು.

"ಅಂಗುಲಕ್ಕೆ ಅಂಗುಲ ಸರಿಯಾ ಇರುಕ್ಕು! ಇನ್ನು ನೀನು ಬೇಡಪ್ಪಾ. ಇಲ್ಲಿ ರುಜು ಹಾಕು."

"ಸಾರ್, ಆ ಅಂಕಿ ನಂದು!"

"ಅದಕ್ಕೇ ಸರಿಯಾಗಿದೆ."

ಪೆನ್ನು ಹಿಡಿದ ಕುಪ್ಪಸ್ವಾಮಿಯ ಕಣ್ಣು ಬಲಗಡೆಯ ಕೊನೆಯ 'ಷರಾ' ಕಲಂ ಮೇಲೆ ನಿಂತಿತು. ಸಾಹೇಬರು ಅವಸರದಲ್ಲಿ ಅದನ್ನೂ ಬಿಡದೆ ಇಳಿಸಿದ್ದರು. ಆರು ದಿನವೂ ಆಕಾಶದಿಂದ ಕೆರೆಯನ್ನು ನೋಡಿ ಉಪಗ್ರಹ ವರದಿ ಮಾಡಿತ್ತು: 'ಇಂದು ಯಾರೂ ಬರಲಿಲ್ಲ.'

ಹನ್ನೊಂದು ವರ್ಷದಲ್ಲಿ ಅವನ ಮಾತಿಗೆ ಹೌದೆಂದದ್ದು ಅದೊಂದೇ. ಕುಪ್ಪಸ್ವಾಮಿ ರುಜು ಹಾಕಿದ.