ಗುಟುಕು ಡಾಕ್ಟ್ರ ಫ್ರಿಜ್ಜು ಮತ್ತು ನೀಲಿ ನಾಲಿಗೆ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕತೆ ನಿಮಗೆ ಇನ್ನೊಬ್ಬ ಹೇಳಲಾರ. ಇದರಲ್ಲಿ ಹೀರೋ ಇದ್ದಾನೆ, ಕಳ್ಳತನ ಇದೆ, ಕ್ಲೈಮ್ಯಾಕ್ಸಿನಲ್ಲಿ ಕೆಮ್ಮು ಇದೆ. ಫೈಟಿಂಗ್ ಇಲ್ಲ, ಹೀರೋಗೆ ಸೊಂಟನೋವು. ಬಾಯೊಳಗೆ ನೊಣ ಹೋದರೂ ಗೊತ್ತಾಗದ ಹಾಗೆ ನೀವು ಕೇಳದಿದ್ದರೆ ನನ್ನ ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ.

ಹೀರೋ ಒಂದು ಆಸ್ಪತ್ರೆಯಲ್ಲಿ ರೋಗಿಗಳ ನುಂಗುವಿಕೆ ಪರೀಕ್ಷಿಸುವವನು. ಎಲ್ಲರೂ ಕರೆಯುವುದು ಗುಟುಕು ಡಾಕ್ಟ್ರು ಅಂತ. ಅವನ ಬ್ರಹ್ಮಾಸ್ತ್ರ ಒಂದು ಬಾಟಲಿ ನಿಂಬೆಹುಳಿ ದ್ರಾವಣ. ಅದನ್ನು ಯಂತ್ರದಲ್ಲಿ ಮಂಜಿನಂತೆ ಮಾಡಿ ಉಸಿರಾಡಿಸಿದರೆ ರೋಗಿ ಕೆಮ್ಮಬೇಕು. ಕೆಮ್ಮಿದರೆ ಗಂಟಲಿನ ವಾಚ್‌ಮನ್ ಎಚ್ಚರ ಇದ್ದಾನೆ ಎಂದರ್ಥ. ಕೆಮ್ಮದಿದ್ದರೆ ಗೊರಕೆ ಹೊಡೆಯುತ್ತಿದ್ದಾನೆ. ಕುಡಿದದ್ದು ಶ್ವಾಸಕೋಶಕ್ಕೆ ಇಳಿದರೂ ಕೇಳುವವರಿಲ್ಲ.

ಆ ದ್ರಾವಣ ತಣ್ಣಗಿರಬೇಕು, ಹಳೆಯದಾದರೆ ಚೆಲ್ಲಬೇಕು, ಅದರ ಹದ ಮಾತ್ರ ಬದಲಾಗಲೇಬಾರದು. ಅದಕ್ಕೇ ಅವನಿಗೊಂದು ಪುಟ್ಟ ಫ್ರಿಜ್ಜು. ಬಾಗಿಲ ಮೇಲೆ ಕೆಂಪಕ್ಷರದ ಚೀಟಿ: "ಮುಟ್ಟಿದರೆ ಹುಷಾರ್!" ಆ ಮಹಡಿಯ ತಣ್ಣೀರಿನ ಯಂತ್ರ ಕೆಟ್ಟು ಕೂತಿತ್ತು. ಹೊರಗೆ ಬಿಸಿಲು ಕಾವಲಿಯಂತೆ ಕಾದಿತ್ತು. ಇನ್ನು ಚೀಟಿಗೆ ಎಷ್ಟು ಮರ್ಯಾದೆ ಸಿಕ್ಕಿರಬಹುದು, ನೀವೇ ಊಹಿಸಿ.

ಅಂದು ಕಂಡಕ್ಟರ್ ತಾತನ ಪರೀಕ್ಷೆ. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತನಾದವನಿಗೆ ಲಕ್ವ ಹೊಡೆದು, ಮೂಗಿಗೆ ನಳಿಕೆ ಹಾಕಿದ್ದರು. ಊಟವೂ ಅದರಲ್ಲೇ, ನೀರೂ ಅದರಲ್ಲೇ. ಟೀ ಕೊಡುವವರೆಗೂ ಯಾರ ಜೊತೆಗೂ ಮಾತಿಲ್ಲ ಎಂದು ತಾತ ಮುಷ್ಕರ ಹೂಡಿದ್ದ. ಮಗಳು ಫ್ಲಾಸ್ಕಿನಲ್ಲಿ ಟೀ ತಂದು ಕಾದಿದ್ದಳು.

ತಾತನ ಮೂಗು ಬಾಯಿಗೆ ಮಾಸ್ಕ್ ಇಟ್ಟು ಯಂತ್ರ ಹಾಕಿದರು. ತಾತ ಬ್ಯೂಟಿ ಪಾರ್ಲರಿನಲ್ಲಿ ಕೂತ ಮದುಮಗಳ ಹಾಗೆ ಕಣ್ಣು ಮುಚ್ಚಿ ಸುಖಿಸಿದ. ಕೆಮ್ಮಿಲ್ಲ.

"ಹಂಗಾದ್ರೆ ಟೀ ಇಲ್ವಾ ಡಾಕ್ಟ್ರೇ?" ಮಗಳು ಫ್ಲಾಸ್ಕನ್ನು ಎದೆಗೊತ್ತಿಕೊಂಡಳು. "ಮನೇಲಿ ಅಮ್ಮ ಲೋಟ ತೊಳೆದಿಟ್ಕೊಂಡು ಕೂತಿದಾರೆ."

"ಇನ್ನೂ ಒಂದು ತಿಂಗಳು ನಳಿಕೇನೇ ಗತಿ ಅಕ್ಕಾ," ಎನ್ನುವಷ್ಟರಲ್ಲಿ ಹೀರೋಗೆ ಸಂಶಯ ಬಂತು. ಮಾಸ್ಕನ್ನು ತಾನೇ ಹಾಕಿಕೊಂಡು ಉಸಿರೆಳೆದ. ಅವನಿಗೂ ಕೆಮ್ಮಿಲ್ಲ. ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡ. ನೀರು! ಅಪ್ಪಟ ನಲ್ಲಿ ನೀರು!

ಕಾರಿಡಾರಿನ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು ಗರ್ಜಿಸಿದ: "ನನ್ನ ಫ್ರಿಜ್ಜಿಗೆ ಕೈ ಹಾಕೋ ಗಂಡು ಇನ್ನೂ ಹುಟ್ಟಿಲ್ಲ!"

"ಗಂಡಿನ ವಿಷ್ಯ ನನಗೆ ಗೊತ್ತಿಲ್ಲಪ್ಪ," ಎಂದು ದೊಡ್ಡ ಸಿಸ್ಟರ್ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಿನ್ನ ಹುಳಿ ನೀರು ಯಾವನಿಗೆ ಬೇಕೋ?" ಎಂದ ಎಕ್ಸ್‌ರೇ ಅಣ್ಣ. ಹುಳಿ ಅಂತ ಅವನಿಗೆ ಹೇಳಿದವರು ಯಾರೋ!

ಆಗ ಹೀರೋ ತಲೆಯಲ್ಲಿ ದೀಪಾಲಂಕಾರವಾಯಿತು. ಎಲ್ಲರಿಗೂ ಕೇಳುವಂತೆ ಹೇಳಿದ: "ಆಯ್ತು ಬಿಡಿ. ಆ ಬಾಟಲೀಲಿ ಪತ್ತೆ ಪುಡಿ ಬೆರೆಸಿದ್ದೆ. ಕುಡಿದೋರ ನಾಲಿಗೆ ಇವತ್ತು ಮಧ್ಯಾಹ್ನದ ಹೊತ್ತಿಗೆ ನೀಲಿಯಾಗುತ್ತೆ. ಮೂರು ತಿಂಗಳು ಹೋಗಲ್ಲ."

ಪುಡಿಯೂ ಇಲ್ಲ, ಮಣ್ಣೂ ಇಲ್ಲ. ಬರೀ ಡೈಲಾಗು.

ಕಾರಿಡಾರಿನ ಕೈತೊಳೆಯುವ ಬೇಸಿನ್ನಿನ ಮೇಲೆ ಒಂದು ಕನ್ನಡಿ ಇತ್ತು. ಎದುರಿಗೇ ಗಾಲಿಕುರ್ಚಿಯಲ್ಲಿ ತಾತ. ಸ್ವಲ್ಪ ಹೊತ್ತಿನಲ್ಲಿ ಎಕ್ಸ್‌ರೇ ಅಣ್ಣ ಬಂದು ನಾಲಿಗೆ ಚಾಚಿದ. ಅವನ ಹಿಂದೆ ದೊಡ್ಡ ಸಿಸ್ಟರ್ ಬಂದು "ಆ" ಎಂದರು. ಕೊನೆಗೆ ಕುತ್ತಿಗೆಗೆ ಟೈ ಬಿಗಿದ ದೊಡ್ಡ ಸಾಹೇಬರೇ ಬಂದು, ಅತ್ತ ಇತ್ತ ನೋಡಿ, ಬಿಸಿಲಿಗೆ ಬಾಯಾರಿದ ನಾಯಿಯಂತೆ ನಾಲಿಗೆ ಇಳಿಬಿಟ್ಟರು.

"ಸಿಕ್ಕಿಬಿದ್ರಿ! ಪುಡಿ ಗಿಡಿ ಏನೂ ಇಲ್ಲ!" ಹೀರೋ ಕಂಬದ ಮರೆಯಿಂದ ಜಿಗಿದ.

ಒಬ್ಬೊಬ್ಬರೂ ಬಾಯಿಬಿಟ್ಟರು. ಸಕ್ಕರೆ, ಉಪ್ಪು ಹಾಕಿದರೆ ಸೊಗಸಾದ ಪಾನಕವಂತೆ. ಕುಡಿದಷ್ಟು ನೀರು ತುಂಬಿ ಇಟ್ಟರಂತೆ. "ನಾವೇನು ಕಳ್ಳರಾ? ಬಾಟಲೀಲಿ ಒಂದು ಹನಿಯಾದ್ರೂ ಕಮ್ಮಿ ಮಾಡಿದೀವಾ?" ಎಂದರು ಸಿಸ್ಟರ್. ಎಂಥ ಪ್ರಾಮಾಣಿಕರು! ಒಬ್ಬರ ಹಿಂದೊಬ್ಬರು ನಿಯತ್ತಾಗಿ ನೀರು ತುಂಬಿ ತುಂಬಿ, ಹುಳಿ ಊರು ಬಿಟ್ಟಿತ್ತು.

ಔಷಧಿ ಕೋಣೆಯಿಂದ ಹೊಸ ದ್ರಾವಣ ಬಂತು. ಮಾಸ್ಕ್ ಇಟ್ಟದ್ದೇ ತಡ, ತಾತ ಹಳೇ ಬಸ್ಸು ಸ್ಟಾರ್ಟ್ ಆದಂತೆ ಕೆಮ್ಮಿದ. ಚಮಚದಲ್ಲಿ ನೀರು ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು, ಎಲ್ಲ ನೋಡಿದ್ದಾಯಿತು. ವಾಚ್‌ಮನ್ ಗಟ್ಟಿಗ. ಮಗಳು ಅಳುತ್ತಲೇ ಟೀ ಬಗ್ಗಿಸಿದಳು. ತಾತ ಒಂದು ಗುಟುಕು ನುಂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೀರೋ ಕಾಲರ್ ಎತ್ತಿ ನಿಂತ.

ಮುಷ್ಕರ ಮುಗಿಯಿತು. ತಾತ ಬಾಯಿ ತೆರೆದ.

"ಸಾಹೇಬ್ರೇ, ಟಿಕೆಟ್ ಇಲ್ದೋರ ಮುಖ ನಾನು ಕತ್ತಲಲ್ಲೂ ಕಂಡುಹಿಡೀತೀನಿ. ನೀವೆಲ್ಲ ಆಮೇಲೆ ಬಂದೋರು. ಆ ಕನ್ನಡಿ ಮುಂದೆ ಎಲ್ರಿಗಿಂತ ಮೊದಲು ನಾಲಿಗೆ ಚಾಚಿದ್ದು ಈ ಗುಟುಕು ಡಾಕ್ಟ್ರು!"

ಚಪ್ಪಾಳೆ ನಿಂತಿತು. ದೊಡ್ಡ ಸಾಹೇಬರು ಟೈ ಸರಿಮಾಡಿಕೊಂಡು ಕೇಳಿದರು:

"ಪುಡೀನೇ ಇಲ್ಲ ಅಂದ್ರೆ ನೀವ್ಯಾಕ್ರೀ ನೋಡ್ಕೊಂಡ್ರಿ?"

ಈಗ ಫ್ರಿಜ್ಜಿಗೆ ಬೀಗ ಬಿದ್ದಿದೆ. ಕೀಲಿಕೈ ದೊಡ್ಡ ಸಿಸ್ಟರ್ ಸೊಂಟದಲ್ಲಿದೆ. ಬಾಟಲಿ ಬೇಕಾದಾಗಲೆಲ್ಲ ಗುಟುಕು ಡಾಕ್ಟ್ರು ಅವರ ಮುಂದೆ ನಿಂತು "ಆ" ಎಂದು ನಾಲಿಗೆ ತೋರಿಸಿ ಕೇಳಬೇಕು.

ಅವನು ಯಾಕೆ ನೋಡಿಕೊಂಡ ಅಂತೀರಾ? ಹಿಂದಿನ ದಿನ ಬಿಸಿಲಿಗೆ ತಡೆಯಲಾರದೆ ಮೊದಲ ಗುಟುಕು ಹಾಕಿ, ಮೊದಲ ನೀರು ತುಂಬಿದವನು ಅವನೇ. ಅಂದರೆ ನಾನೇ. ಪುಡಿ ಇಲ್ಲ ಅಂತ ನನಗೆ ಗೊತ್ತಿತ್ತು ಸ್ವಾಮೀ. ಆದರೆ ಡೈಲಾಗನ್ನು ಎಷ್ಟು ಚೆನ್ನಾಗಿ ಹೊಡೆದಿದ್ದೆ ಎಂದರೆ, ನನಗೇ ನಂಬಿಕೆ ಬಂದುಬಿಟ್ಟಿತು. ಹೀರೋನೂ ನಾನೇ, ಕಳ್ಳನೂ ನಾನೇ. ಡಬಲ್ ಆಕ್ಟಿಂಗು. ಸಂಬಳ ಮಾತ್ರ ಒಂದೇ.