ಬಾಣಂತಿಯ ಬಿಸಿನೀರು ಮತ್ತು ನನ್ನ ಮೂರು ಅಂಶಗಳು

ನಿಮ್ಮ ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಟಾಕಿಗೆ ಉಸಿರಾಡಲು ಒಂದು ದಾರಿ ಇದೆಯೇ, ಇದ್ದರೆ ಅದು ಈ ಹೊತ್ತು ತೆರೆದಿದೆಯೇ ಎಂದು ನೀವು ಎಂದಾದರೂ ತಲೆಯೆತ್ತಿ ನೋಡಿದ್ದೀರಾ? ಪ್ರಶ್ನೆ ಸ್ವಲ್ಪ ಒರಟಾಯಿತು, ಬಲ್ಲೆ. ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದೇ ಹಾಗೆ: ಮೊದಲು ಎದುರಿಗಿರುವವರನ್ನು ಒಂದು ಪ್ರಶ್ನೆಯಿಂದ ಅಲುಗಾಡಿಸಬೇಕು, ಆಮೇಲೆ ವಾದ ಹೂಡಬೇಕು. ಆದರೆ ಈ ಬಾರಿ ಅಲುಗಾಡಿದವನು ನಾನೇ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಇಂದಿಗೂ ನಾನು ಎದ್ದು ಹೋಗಿ ನಮ್ಮ ಟಾಕಿಯ ನೆತ್ತಿ ನೋಡಿ ಬರುತ್ತೇನೆ.

ನಾನು ಸುಧಾರಣೆಯಲ್ಲಿ ನಂಬಿಕೆಯುಳ್ಳವನು. ಬೆಟಗೇರಿಯ ನಮ್ಮ ಓಣಿಯಲ್ಲಿ ಈ ನಂಬಿಕೆ ಎಷ್ಟು ಪ್ರಸಿದ್ಧವೆಂದರೆ, ನಾನು ತಿರುವಿನಲ್ಲಿ ಕಾಣಿಸಿಕೊಂಡೊಡನೆ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆಲ್ಲ ಮನೆಯಲ್ಲಿ ಉಳಿದ ಕೆಲಸ ನೆನಪಾಗುತ್ತದೆ. ಹೊರಗೆ ಕೇಳುವವರು ಕಡಿಮೆಯಾದಾಗ ಸುಧಾರಣೆ ಸಹಜವಾಗಿಯೇ ಒಳಗೆ ತಿರುಗುತ್ತದೆ. ಹೀಗೆ ಅದು ನಮ್ಮ ಬಚ್ಚಲುಮನೆಯನ್ನು ಮುಟ್ಟಿತು. ಅಲ್ಲಿ ತಾಮ್ರದ ಹಂಡೆ, ಅದರಡಿ ಹತ್ತಿಕಟ್ಟಿಗೆಯ ಉರಿ, ಮನೆ ತುಂಬ ಹೊಗೆ. ಅದನ್ನು ತೆಗೆಸಿ, ಹಿತ್ತಲಿನಲ್ಲಿ ಉರಿ ಹಾಕಿದರೆ ಗೋಡೆಯ ಈಚೆ ನೀರು ಕಾಯುವಂತಹ ಕಬ್ಬಿಣದ ಮುಚ್ಚಿದ ಟಾಕಿಯನ್ನು ಕೂರಿಸಿದೆ. ಮಾಳಿಗೆಯ ಮೇಲಿನ ತಣ್ಣೀರು ತಾನಾಗಿ ಅದರೊಳಗೆ ಇಳಿದು, ತುಂಬಿದೊಡನೆ ತಾನಾಗಿ ನಿಲ್ಲುತ್ತದೆ. ಕಾದ ನೀರು ಹಿಂದಕ್ಕೆ ಹರಿಯದಂತೆ ಒಂದು ವಾಲ್ವ್ ಇದೆ. ಉರಿ ಹೆಚ್ಚಾದಾಗ ಹಬೆ ಹೋಗಲೆಂದು ಟಾಕಿಯ ನೆತ್ತಿಯಿಂದ ಹೊರಟ ಬೆರಳುಗಾತ್ರದ ಕೊಳವೆಯೊಂದು ಚಾವಣಿಯ ಹತ್ತಿರ ಬಾಗಿ, ಸ್ನಾನದ ಮಣೆಯ ಮೇಲುಗಡೆ ಬಾಯಿ ತೆರೆದುಕೊಂಡಿದೆ. ಆ ದಿನ ಮನೆಯವರನ್ನು ಸಾಲಾಗಿ ನಿಲ್ಲಿಸಿ ನಾನು ಮಾತನಾಡಿದೆ. ಹೆಣ್ಣುಮಕ್ಕಳ ಕಣ್ಣು, ಕಪ್ಪತಗುಡ್ಡದ ಗಿಡಮರ, ಮುಂದಿನ ಪೀಳಿಗೆ, ಎಲ್ಲವನ್ನೂ ಸ್ಪರ್ಶಿಸಿದ ಮಾತದು. ಅವ್ವ ಮೊಣಕಾಲು ನೋವೆಂದು ನಡುವೆಯೇ ಕುಳಿತುಬಿಟ್ಟಳು.

ಆ ಮೊಣಕಾಲಿನ ದೆಸೆಯಿಂದಲೇ, ತಂಗಿ ಗಿರಿಜಾ ಹೆರಿಗೆಗೆಂದು ಬಂದಾಗ ಬಾಣಂತನಕ್ಕೆ ಡಂಬಳದಿಂದ ದೊಡ್ಡವ್ವ ಬರಬೇಕಾಯಿತು. ದೊಡ್ಡವ್ವನ ಶಾಸ್ತ್ರದಲ್ಲಿ ಬಾಣಂತಿಗೆ ಇಬ್ಬರು ವೈರಿಗಳು: ತಣ್ಣೀರು ಮತ್ತು ಗಾಳಿ. ಬಂದ ದಿನವೇ ಕಿಟಕಿಗಳಿಗೆ ಕೌದಿ ಕಟ್ಟಿದಳು, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದಳು, ಗಿರಿಜಾಳ ಕಿವಿಗೆ ಹತ್ತಿ ಇಟ್ಟಳು. ಯಾರಾದರೂ ಮರೆತು ಗುಂಡಿ ಒತ್ತಿಯಾರೆಂದು ಫ್ಯಾನಿನ ರೆಕ್ಕೆಗಳನ್ನು ಹಗ್ಗದಿಂದ ಬಿಗಿದಳು. ಗಾಳಿಯ ಮಹತ್ವದ ಬಗ್ಗೆ ನಾನು ಮಾತು ತೆಗೆದೆ. ಕೂಸು ಮಲಗಿದೆ ಎಂಬ ಕಾರಣಕ್ಕೆ ಸಭೆ ಅಲ್ಲಿಗೇ ಬರಖಾಸ್ತಾಯಿತು. ನೀರಿನ ವಿಷಯದಲ್ಲಂತೂ ದೊಡ್ಡವ್ವನಿಗೆ ಮಿತಿ ಎಂಬುದೇ ತಿಳಿಯದು. ಬಾಣಂತಿಯ ನೀರು ಮುಟ್ಟಿದ ಕೈ ಹಿಂದಕ್ಕೆ ಬರಬೇಕು, ಇಲ್ಲವಾದರೆ ಅದು ನೀರೇ ಅಲ್ಲ.

ಒಂದು ಬೆಳಗ್ಗೆ ಹಿತ್ತಲಿಗೆ ಹೋದವನು ಬೆರಗಾಗಿ ನಿಂತೆ. ಹತ್ತಿಕಟ್ಟಿಗೆ ಸಾಲದೆಂದು ಕಾಳು ಬಿಡಿಸಿದ ಗೋವಿನಜೋಳದ ದಿಂಡುಗಳನ್ನು ಬುಟ್ಟಿಗಟ್ಟಲೆ ಒಲೆಗೆ ತುಂಬಲಾಗಿತ್ತು. ಸುಮ್ಮನಿರುವುದು ನನ್ನ ಸ್ವಭಾವವಲ್ಲ. ಬಚ್ಚಲುಮನೆಯ ಬಾಗಿಲಿಗೆ ಬಂದು, ಎರಡೂ ಕೈಗಳನ್ನು ಚೌಕಟ್ಟಿಗೆ ಊರಿ, ದಾರಿ ಕಟ್ಟಿ ನಿಂತೆ. ಎದುರಿಗೆ ಎಣ್ಣೆ ಹಚ್ಚಿದ ಕೂಸನ್ನು ಎದೆಗವುಚಿಕೊಂಡ ದೊಡ್ಡವ್ವ. ಅವಳು ಆ ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕುವವಳಿದ್ದಳು. ಅವಳ ಹಿಂದೆ ಟವೆಲ್ ಹಿಡಿದ ಗಿರಿಜಾ.

"ದಾರಿ ಬಿಡು ತಮ್ಮಾ, ಕೂಸಿನ ಮೈ ಆರಾಕ ಹತ್ತೈತಿ," ಎಂದಳು ದೊಡ್ಡವ್ವ.

ಕೇವಲ ಮೂರು ಅಂಶಗಳಿವೆ ಎಂದು ನಾನು ಭರವಸೆ ಕೊಟ್ಟೆ. ಮೊದಲನೆಯದು ಉರುವಲಿನ ದುಂದು. ಅದನ್ನು ಉದಾಹರಣೆಗಳೊಂದಿಗೆ ಮಂಡಿಸಿದೆ. ಎರಡನೆಯದು ಅತಿ ಬಿಸಿನೀರಿನಿಂದ ಚರ್ಮಕ್ಕಾಗುವ ಹಾನಿ. ಅದರ ಮಧ್ಯದಲ್ಲಿ ನನ್ನ ಬೆನ್ನ ಹಿಂದೆ ಗುಡುಗುಡು ಸದ್ದು ಶುರುವಾಯಿತು. ಸಭೆಯಲ್ಲಿ ಗದ್ದಲವಾದರೆ ದನಿ ಏರಿಸಬೇಕೆಂಬುದು ನಮಗೆ ಕೊಟ್ಟ ತರಬೇತಿ, ಏರಿಸಿದೆ. ಸದ್ದೂ ಏರಿತು.

"ಅಣ್ಣಾ, ಟಾಕಿ ಯಾಕೋ ನಡಗಾಕ ಹತ್ತೈತಿ," ಎಂದಳು ಗಿರಿಜಾ.

ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ ಎಂದು ಹೇಳಿ ನಾನು ಮೂರನೆಯ ಅಂಶಕ್ಕೆ ಬಾಯಿ ತೆರೆದೆ. ಆಗ ಹಿಂದೆ ಗುಂಡು ಹಾರಿದಂತಾಯಿತು. ಏನೋ ಒಂದು ಬಚ್ಚಲಿನ ಗೋಡೆಗೆ ಅಪ್ಪಳಿಸಿ ಸೋಪಿನ ಡಬ್ಬಿಯನ್ನೂ ಚಂಬನ್ನೂ ಕೆಡವಿತು. ತಿರುಗಿ ನೋಡಿದರೆ ಮಣೆ ಇಲ್ಲ, ಗೋಡೆ ಇಲ್ಲ, ಬರೀ ಬಿಳಿಯ ಹಬೆ. ಅದರೊಳಗಿಂದ ಕುದಿನೀರು ಕೊತಕೊತನೆ ಸುರಿಯುವ ಸದ್ದು. ನನ್ನ ಅಂಗಿಯ ಬೆನ್ನು ಬೆಚ್ಚಗೆ ತೊಯ್ದಿತ್ತು. ಎಲ್ಲರನ್ನೂ ಪಡಸಾಲೆಗೆ ದೂಡಿದೆ. ಕೂಸನ್ನು ತಾಯಿಯ ಕೈಗೆ ಕೊಟ್ಟ ದೊಡ್ಡವ್ವ, ನಾನು ಇನ್ನೂ ಕಂಬ ಹಿಡಿದು ನಿಂತಿರುವಾಗಲೇ, ಹಿತ್ತಲಿಗೆ ಓಡಿ ಉರಿಯುವ ದಿಂಡುಗಳನ್ನು ಹೊರಗೆಳೆಯತೊಡಗಿದಳು. ಆಮೇಲೆ ನಾನೂ ಹೋಗಿ ಮಣ್ಣು ಎರಚಿದೆ.

ಹಬೆ ಇಳಿದ ಮೇಲೆ ನೋಡಿದೆವು. ಮಣೆ ತೊಯ್ದು ಹಬೆಯಾಡುತ್ತಿತ್ತು. ಮೂಲೆಯಲ್ಲಿ ಬಿದ್ದದ್ದು, ಕೌದಿಯ ಚಿಂದಿಯನ್ನು ಬಿಗಿಯಾಗಿ ಸುತ್ತಿದ್ದ ಗೋವಿನಜೋಳದ ಒಂದು ದಿಂಡು. ಹಬೆಯ ಕೊಳವೆಗೆ ಇದನ್ನು ಜಡಿದವರು ಯಾರೆಂದು ಕೇಳಿದೆ. ದೊಡ್ಡವ್ವ ಮುಚ್ಚಿಡಲಿಲ್ಲ.

"ನಾನ ತುರುಕೀನಿ. ನಿನ್ನೆ ಅದರಾಗಿಂದ ಸುಂಯ್ ಅಂತ ಗಾಳಿ ಬರ್ತಿತ್ತು, ಬರೋಬ್ಬರಿ ಬಾಣಂತಿ ನೆತ್ತಿ ಮ್ಯಾಲ."

ಹಬೆ ಹೋಗಲು ಅದೊಂದೇ ದಾರಿ, ಅದನ್ನು ಮುಚ್ಚಿದರೆ ಟಾಕಿಯೇ ಸಿಡಿಯುತ್ತದೆ ಎಂದೆ. ನನ್ನ ಜೀವನದ ಅತಿ ಚಿಕ್ಕ ಭಾಷಣವದು. ದೊಡ್ಡವ್ವ ಅಲ್ಲೇ ನೆಲಕ್ಕೆ ಕುಳಿತಳು. ಕೂಸಿನ ಪಾದವನ್ನು ಮುಷ್ಟಿಯೊಳಗೆ ಹಿಡಿದು ನನ್ನತ್ತ ತಲೆಯೆತ್ತಿದಳು.

"ಟಾಕಿ ಕುಂಡ್ರಿಸಿದ ದಿನ ಗುಡ್ಡದ ಗಿಡದ ಮಾತು ಹೇಳಿದ್ಯಂತ, ದೇಶದ ಮಾತು ಹೇಳಿದ್ಯಂತ, ನಿಮ್ಮವ್ವ ಹೇಳಿದ್ಲು. ಈ ತೂತು ಯಾತಕ್ಕ ಐತಿ ಅಂತ ಒಬ್ಬರಿಗೂ ಹೇಳಲಿಲ್ಲೇನು?"

ಚರ್ಚಾಕೂಟದಲ್ಲಿ ಎಂತೆಂತಹ ಪ್ರತಿವಾದಗಳಿಗೆ ಉತ್ತರ ಕೊಟ್ಟವನು ನಾನು. ಈಗ ಬಗ್ಗಿ ಆ ದಿಂಡಿಗೆ ಸುತ್ತಿದ್ದ ಚಿಂದಿ ಬಿಚ್ಚತೊಡಗಿದೆ.

ಗಿರಿಜಾ ಮಾತ್ರ ಕಣ್ಣೊರೆಸಿಕೊಂಡು ನಕ್ಕಳು. "ಅಣ್ಣಾ, ನೀ ಒಂದ ಮಾತಿಗೆ ಮುಗಿಸಿದ್ದರ ಕೂಸು, ದೊಡ್ಡವ್ವ ಇಬ್ಬರೂ ಆ ಮಣಿ ಮ್ಯಾಲ ಇರ್ತಿದ್ರು."

ಅಂದರೆ, ನಾನು ಈವರೆಗೆ ಆಡಿದ ಮಾತುಗಳಲ್ಲಿ ಜನರಿಗೆ ಖಚಿತವಾಗಿ ಉಪಯೋಗವಾದದ್ದು ಬಾಗಿಲಲ್ಲಿ ನಿಂತು ಮಾಡಿದ ಆ ಭಾಷಣವೊಂದೇ, ಅದೂ ಅದರ ಉದ್ದದಿಂದ. ಅದರಲ್ಲಿ ಏನು ಹೇಳಿದೆನೆಂಬುದು ಗಿರಿಜಾ, ದೊಡ್ಡವ್ವ ಇಬ್ಬರಿಗೂ ನೆನಪಿಲ್ಲ. ಎಚ್ಚೆತ್ತು, ಓಣಿಯಲ್ಲಿ ಇಂತಹ ಟಾಕಿ ಇರುವ ಮನೆಮನೆಗೆ ಹೋಗಿ ನೋಡಿದೆ. ಒಂದು ಮನೆಯಲ್ಲಿ ಹಲ್ಲಿ ಬರುತ್ತದೆಂದು ಕೊಳವೆಗೆ ಹಳೆಯ ಕಾಲುಚೀಲ ತುರುಕಿದ್ದರು; ಇನ್ನೊಂದರಲ್ಲಿ ಬಣ್ಣ ಬಳಿಯುವಾಗ ಅಡ್ಡ ಬಂತೆಂದು ತುದಿಯನ್ನು ಬಡಿದು ಚಪ್ಪಟೆ ಮಾಡಿದ್ದರು. ಶಿರಹಟ್ಟಿಗೆ ಹೋದಾಗ ಅಲ್ಲಿಯ ನೆಂಟರೊಬ್ಬರು, ರಾತ್ರಿ ಅದು ಸಿಳ್ಳೆ ಹೊಡೆಯುತ್ತಿತ್ತು, ಈಗ ನಿಶ್ಶಬ್ದವಾಗಿದೆ ಎಂದು ಸಂತೋಷದಿಂದ ತಿಳಿಸಿದರು. ನಾನು ಅವರ ಮನೆಯ ಚಹಾ ಮುಗಿಸದೆ ಎದ್ದು ಬಚ್ಚಲಿಗೆ ನಡೆದೆ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ಇದನ್ನು ಓದಿ ಮುಗಿಸಿದವರು ಹೋಗಿ ನಿಮ್ಮ ಟಾಕಿಯ ಹಬೆಯ ಕೊಳವೆಯನ್ನು ನೋಡಿ. ಮುಚ್ಚಿದ್ದರೆ, ಉರಿ ಇರುವಾಗ ಅದನ್ನು ಮುಟ್ಟಬೇಡಿ. ಬೆಂಕಿ ಹೊರಗೆಳೆಯಿರಿ, ಟಾಕಿ ಪೂರ್ತಿ ಆರಲಿ, ಆಮೇಲೆ ತೆರೆಯಿರಿ. ನಂತರ ನಿಮ್ಮ ಮನೆಯಲ್ಲಿ ಉರಿ ಹಾಕುವವರು ಯಾರೋ ಅವರನ್ನು ಹತ್ತಿರ ಕರೆದು, ಅದು ಯಾತಕ್ಕಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ. ಅದಕ್ಕಾಗಿ ದಯವಿಟ್ಟು ನನ್ನನ್ನು ಕರೆಸಬೇಡಿ, ನೀವೇ ಹೇಳಿ.